ಅರವತ್ತರ ಬಳಿಕದ ಪಾಠಶಾಲೆ

ಆಯುರ್ವೇದವು ಮನುಷ್ಯನ ವಯಸ್ಸನ್ನು ಬಾಲ್ಯ, ಮಧ್ಯ, ವಾರ್ಧಕ್ಯ ಎಂದು ಮೂರಾಗಿ ವಿಂಗಡಿಸುತ್ತದೆ. ಆದರೆ ವಾರ್ಧಕ್ಯ ಎಂದಿನಿಂದ ಆರಂಭವಾಗುತ್ತದೆ ಎಂಬ ವಿಷಯದಲ್ಲಿ ಆಚಾರ್ಯರೊಳಗೆ ಒಮ್ಮತವಿಲ್ಲ. ಚರಕಾಚಾರ್ಯರು 60 ವರ್ಷಗಳವರೆಗೆ ಮಧ್ಯವಯಸ್ಸೆಂದೂ ಅನಂತರದ್ದು ಜೀರ್ಣಾವಸ್ಥೆಯೆಂದೂ ಹೇಳುತ್ತಾರೆ. ಸುಶ್ರುತಾಚಾರ್ಯರಾದರೋ 70ರವರೆಗೂ ಮಧ್ಯವಯಸ್ಸನ್ನೇ ಒಪ್ಪುತ್ತಾರೆ. 66ನ್ನು ಮುಟ್ಟಿರುವ ನಾನು ಈ ಒಂದು ವಿಷಯದಲ್ಲಿ ಸುಶ್ರುತರ ಪಕ್ಷದವನು.

ಈ ತಿಂಗಳು ವಯಸ್ಸಿನ ಮಾತನ್ನು ಎತ್ತಲು ಕಾರಣವಿದೆ. ಶ್ರಾವಣದ ಪ್ರವಚನಗಳು ಮುಗಿದ ಬಳಿಕ ನಮ್ಮ ಊರಿನ ಸಮುದಾಯ ಭವನದಲ್ಲಿ 60 ದಾಟಿದವರಿಗಾಗಿ ಕಲಿಕೆಯ ಕೂಟವೊಂದು ಆರಂಭವಾಗಲಿದೆ. ವಾರಕ್ಕೆ ಮೂರು ದಿನ. ಓದುಬರಹ ಬಾರದವರಿಗೆ ಅಕ್ಷರ, ಬಂದವರಿಗೆ ಮೊಬೈಲಿನ ಬಳಕೆ, ಸಾಮೂಹಿಕ ವಚನ ಗಾಯನ, ಕೌದಿ ಹೊಲಿಗೆ, ಭವನದ ಹಿಂದಿನ ಖಾಲಿ ಜಾಗದಲ್ಲಿ ಔಷಧಿ ಸಸ್ಯಗಳ ತೋಟ, ಶಾಲೆಯ ಮಕ್ಕಳಿಗೆ ಹಳೆಯ ಕಾಲದ ಸಂಗತಿಗಳನ್ನು ಹೇಳುವುದು, ಇವು ಮೊದಲ ಮೂರು ತಿಂಗಳ ಚಟುವಟಿಕೆಗಳು. ವೈದ್ಯನ ದೃಷ್ಟಿಯಿಂದ ಏನಾದರೂ ಸೂಚನೆಗಳಿದ್ದರೆ ತಿಳಿಸಬೇಕೆಂದು ವ್ಯವಸ್ಥಾಪಕರು ನನ್ನನ್ನು ಕೇಳಿದರು. ಹೆಸರು ಬರೆಸಿದವರ ಪಟ್ಟಿಯನ್ನು ತರಿಸಿ ನೋಡಿದೆ. ಬಹುಪಾಲು ನಿವೃತ್ತ ನೌಕರರು, ಅವರಲ್ಲೂ ಗಂಡಸರು, ದಿನಾಲೂ ಬೆಳಗಿನ ವಾಯುವಿಹಾರದಲ್ಲಿ ನನಗೆ ಎದುರಾಗುವವರು. ಇವರೆಲ್ಲ ಬರುವುದು ಸಂತೋಷವೇ. ಆದರೆ ಯಾರು ಬರಲೇಬೇಕೆಂದು ನನ್ನ ಮನಸ್ಸಿನಲ್ಲಿತ್ತೋ ಅವರ ಒಂದು ಹೆಸರೂ ಅಲ್ಲಿರಲಿಲ್ಲ. ಪಡಸಾಲೆಯ ಮೂಲೆಯಲ್ಲಿ ಗೋಡೆಗೆ ಒರಗಿ ಕುಳಿತವರು, ಮಾತು ಕಡಿಮೆಯಾದವರು, 'ಇವರಿಗೆ ಇನ್ನು ಏನು ತಿಳಿಯುತ್ತದೆ' ಎಂದು ಮನೆಯವರು ಕೈಬಿಟ್ಟವರು, ಇಂಥವರನ್ನು ಕುರಿತೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಬೇಕು. ಹನ್ನೆರಡು ವರ್ಷಗಳ ಹಿಂದೆ 71 ವಯಸ್ಸಿನ ಓರ್ವ ತಾಯಿಯನ್ನು ಸೊಸೆ ನನ್ನ ಚಿಕಿತ್ಸಾಲಯಕ್ಕೆ ಕರೆತಂದಿದ್ದರು. "ನಮ್ಮ ಅತ್ತೆಯವರಿಗೆ ಮರವು ಶುರುವಾಗೇತ್ರಿ. ಒಲಿ ಮ್ಯಾಲ ಹಾಲು ಇಟ್ಟು ಮರೀತಾರ. ಹೇಳಿದ್ದು ತಲ್ಯಾಗ ಉಳಿಯಂಗಿಲ್ಲ" ಎಂದರು. ಎರಡು ವರ್ಷಗಳ ಹಿಂದೆ ಯಜಮಾನರು ತೀರಿಕೊಂಡಿದ್ದರಂತೆ. ನಾನು ನಾಡಿ ನೋಡಿದೆ, ನಾಲಿಗೆ ನೋಡಿದೆ, ವಾರ್ಧಕ್ಯದಲ್ಲಿ ವಾತವು ಪ್ರಬಲವಾಗಿ ಸ್ಮೃತಿಯನ್ನು ಕೆಡಿಸಿದೆ ಎಂದು ನಿರ್ಧರಿಸಿ ಬ್ರಾಹ್ಮೀಘೃತವನ್ನೂ ಸಾರಸ್ವತಾರಿಷ್ಟವನ್ನೂ ಕೊಟ್ಟೆ. ಏಳು ತಿಂಗಳು ಕೊಟ್ಟೆ. ಪ್ರತಿ ಸಲವೂ ಆ ತಾಯಿ ನನ್ನ ಮುಖವನ್ನೇ ನೋಡುತ್ತ ನಗುತ್ತಿದ್ದರು, ತಲೆಯಾಡಿಸುತ್ತಿದ್ದರು. ಉತ್ತರವನ್ನೆಲ್ಲ ಸೊಸೆಯೇ ಕೊಡುತ್ತಿದ್ದರು. ಒಂದು ದಿನ ಅವರ ಬೆನ್ನ ಹಿಂದೆ ನನ್ನ ಸಹಾಯಕನ ಕೈಯಿಂದ ಕಬ್ಬಿಣದ ಖಲ್ಬತ್ತು ಜಾರಿ ಕಲ್ಲುಹಾಸಿನ ಮೇಲೆ ಬಿತ್ತು. ನಾನು ಬೆಚ್ಚಿದೆ, ಸೊಸೆ ಬೆಚ್ಚಿದರು. ಆ ತಾಯಿ ಮಾತ್ರ ನನ್ನನ್ನೇ ನೋಡಿ ನಗುತ್ತಿದ್ದರು.

ಕಿವಿಯ ತಜ್ಞರ ಬಳಿಗೆ ಕಳುಹಿಸಿದೆ. ಎರಡೂ ಕಿವಿಗಳಲ್ಲಿ ಗುಗ್ಗೆ ಕಲ್ಲಿನಂತೆ ಕಟ್ಟಿತ್ತು. ಅದನ್ನು ತೆಗೆದ ಮೇಲೂ ಶ್ರವಣಶಕ್ತಿ ಅರ್ಧಕ್ಕಿಂತ ಕಡಿಮೆ ಇತ್ತು. ಯಂತ್ರ ಹಾಕಿಸಿದರು. ಹಾಲು ಉಕ್ಕುವ ಸದ್ದು ಅವರಿಗೆ ಕೇಳಿಸುತ್ತಿರಲಿಲ್ಲ. ಸೊಸೆ ಅಡುಗೆಮನೆಯಿಂದ ಹೇಳಿದ ಮಾತು ಅವರನ್ನು ಮುಟ್ಟುತ್ತಿರಲಿಲ್ಲ. ಕೇಳದ ಮಾತನ್ನು ಮರೆಯುವುದಾದರೂ ಹೇಗೆ? ಏಳು ತಿಂಗಳ ತುಪ್ಪ ವ್ಯರ್ಥವಾಯಿತೆಂದು ನನಗೆ ಬೇಸರವಿಲ್ಲ. ಆ ಏಳು ತಿಂಗಳಲ್ಲಿ ಮನೆಯವರೆಲ್ಲ ಅವರನ್ನು ಮರೆವಿನ ರೋಗಿ ಎಂದೇ ನಡೆಸಿಕೊಂಡರಲ್ಲ, ಅದಕ್ಕೆ ನನ್ನ ಔಷಧಿಯ ಚೀಟಿ ಆಧಾರವಾಯಿತಲ್ಲ, ಅದು ಇಂದಿಗೂ ನೋಯಿಸುತ್ತದೆ.

ಮರೆವಿನ ರೋಗವನ್ನು ಕುರಿತು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯು ನೇಮಿಸಿದ ತಜ್ಞರ ಆಯೋಗವು 2024ರಲ್ಲಿ ತನ್ನ ವರದಿಯನ್ನು ನವೀಕರಿಸಿತು. ಬದಲಾಯಿಸಬಹುದಾದ 14 ಕಾರಣಗಳನ್ನು ಅದು ಗುರುತಿಸಿದೆ. ಅವುಗಳನ್ನೆಲ್ಲ ನಿವಾರಿಸಿದರೆ ಸುಮಾರು ಶೇಕಡಾ 45ರಷ್ಟು ಪ್ರಕರಣಗಳನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವಾದೀತೆಂಬುದು ಅದರ ಅಂದಾಜು. ಬಾಲ್ಯದಲ್ಲಿ ಶಿಕ್ಷಣ ಸಿಗದಿರುವುದು, ಕಿವಿ ಮಂದವಾಗುವುದು, ದೃಷ್ಟಿ ಕುಂದುವುದು, ಒಂಟಿತನ, ಖಿನ್ನತೆ, ದೇಹಶ್ರಮವಿಲ್ಲದಿರುವುದು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇವೆಲ್ಲ ಆ ಪಟ್ಟಿಯಲ್ಲಿವೆ. ಈಗ ನಮ್ಮ ಮನೆಗಳ ಪಡಸಾಲೆಯ ಮೂಲೆಗೆ ಹೋಗಿ ನೋಡಿರಿ. ಶಾಲೆಯ ಮುಖ ಕಾಣದ, ಕಿವಿ ಕೇಳದ, ಕನ್ನಡಕ ಒಡೆದು ವರ್ಷವಾದ, ಮಾತಾಡಿಸುವವರಿಲ್ಲದ ಒಂದು ಜೀವದಲ್ಲಿ ಇವುಗಳಲ್ಲಿ ಎಷ್ಟು ಕೂಡಿಕೊಂಡಿವೆ ಎಂದು ಎಣಿಸಿಕೊಳ್ಳಿರಿ.

ಸ್ಮೃತಿಗೆ ಎಂಟು ಬಾಗಿಲು

ವಯಸ್ಸಾದ ಮೇಲೆ ಕಲಿಯಲು ಸಾಧ್ಯವೇ ಎಂಬ ಪ್ರಶ್ನೆಗೆ ನಮ್ಮ ಶಾಸ್ತ್ರದಲ್ಲಿ ಸ್ವಾರಸ್ಯವಾದ ಉತ್ತರವಿದೆ. ಶಾರ್ಙ್ಗಧರ ಸಂಹಿತೆಯು ಹತ್ತು ಹತ್ತು ವರ್ಷಕ್ಕೊಂದರಂತೆ ಮನುಷ್ಯನಿಂದ ಏನೇನು ಕಳಚಿಹೋಗುತ್ತದೆ ಎಂಬುದನ್ನು ಕ್ರಮವಾಗಿ ಹೇಳುತ್ತದೆ. ಮೊದಲ ಹತ್ತರಲ್ಲಿ ಬಾಲ್ಯ, ಎರಡನೆಯದರಲ್ಲಿ ಬೆಳವಣಿಗೆ, ಮೂರರಲ್ಲಿ ಕಾಂತಿ, ನಾಲ್ಕರಲ್ಲಿ ಮೇಧಾ, ಐದರಲ್ಲಿ ಚರ್ಮದ ಬಿಗುವು, ಆರರಲ್ಲಿ ದೃಷ್ಟಿ, ಹೀಗೆ ಅದು ಸಾಗುತ್ತದೆ. ಇಲ್ಲಿ ಗಮನಿಸಬೇಕಾದುದು ಮೇಧಾ ಮತ್ತು ಬುದ್ಧಿಗಳ ನಡುವಿನ ಅಂತರ. ಮೇಧಾ ಎಂದರೆ ಕೇಳಿದ್ದನ್ನು ಥಟ್ಟನೆ ಹಿಡಿದು ಧರಿಸುವ ಶಕ್ತಿ. ಅದು ನಾಲ್ಕನೆಯ ದಶಕದಲ್ಲಿಯೇ ಇಳಿಯತೊಡಗುತ್ತದೆ. ಬುದ್ಧಿ ಎಂದರೆ ಇದು ಸರಿ, ಇದು ತಪ್ಪು ಎಂದು ನಿಶ್ಚಯಿಸುವ ಶಕ್ತಿ. ಅದು ಒಂಬತ್ತನೆಯ ದಶಕದವರೆಗೆ ಉಳಿಯುತ್ತದೆ. 35 ವರ್ಷದ ಮಗ 'ಅವ್ವನಿಗೆ ಎಷ್ಟು ಸಲ ಹೇಳಿದರೂ ತಿಳಿಯುವುದಿಲ್ಲ' ಎಂದು ಸಿಡುಕುವಾಗ, ಶಾಸ್ತ್ರದ ಲೆಕ್ಕದಲ್ಲಿ ಅವನ ಮೇಧೆಯೂ ಕರಗುತ್ತಲೇ ಇದೆ ಎಂಬುದನ್ನು ಅವನಿಗೆ ನೆನಪಿಸಬೇಕು. ಅವ್ವನ ಬುದ್ಧಿಗೆ ಇನ್ನೂ ಸಮಯವಿದೆ.

ಹಾಗಾದರೆ ಮೇಧೆ ಕುಂದಿದವರಿಗೆ ಕಲಿಸುವುದು ಹೇಗೆ? ಚರಕಸಂಹಿತೆಯ ಶಾರೀರಸ್ಥಾನದ ಮೊದಲ ಅಧ್ಯಾಯದಲ್ಲಿ ಸ್ಮೃತಿ ಉಂಟಾಗಲು ಎಂಟು ಕಾರಣಗಳನ್ನು ಹೇಳಲಾಗಿದೆ: ನಿಮಿತ್ತ, ರೂಪಗ್ರಹಣ, ಸಾದೃಶ್ಯ, ಸವಿಪರ್ಯಯ, ಸತ್ತ್ವಾನುಬಂಧ, ಅಭ್ಯಾಸ, ಜ್ಞಾನಯೋಗ ಮತ್ತು ಪುನಃಶ್ರುತ. ವಿದ್ಯಾರ್ಥಿಯಾಗಿದ್ದಾಗ ಪರೀಕ್ಷೆಗಾಗಿ ಇದನ್ನು ಬಾಯಿಪಾಠ ಮಾಡಿದ್ದೆ. ಇದು ಶಿಕ್ಷಕರಿಗೆ ಹೇಳಿದ ಪಾಠವೆಂದು ಹೊಳೆದದ್ದು ಬಹಳ ತಡವಾಗಿ.

ನಿಮಿತ್ತವೆಂದರೆ ಕಾರಣ. ಏಕೆ ಕಲಿಯಬೇಕೆಂಬುದು ತಿಳಿದಾಗ ಕಲಿತದ್ದು ನಿಲ್ಲುತ್ತದೆ ಎಂದು ನಾನು ಇದನ್ನು ಇಲ್ಲಿಗೆ ಅನ್ವಯಿಸಿಕೊಳ್ಳುತ್ತೇನೆ. ಅಜ್ಜಿಗೆ 'ಅ' ಅಕ್ಷರದಿಂದ ಆರಂಭಿಸುವ ಅಗತ್ಯವಿಲ್ಲ. ಅವರ ಹೆಸರಿನ ಮೊದಲ ಅಕ್ಷರದಿಂದ, ಪಿಂಚಣಿ ಪುಸ್ತಕದಲ್ಲಿ ಹೆಬ್ಬೆಟ್ಟಿನ ಬದಲು ಹಾಕುವ ಸಹಿಯಿಂದ ಆರಂಭಿಸಬಹುದು. ರೂಪಗ್ರಹಣ ಮತ್ತು ಸಾದೃಶ್ಯಗಳೆಂದರೆ ಆಕಾರವನ್ನು ಹಿಡಿದು, ತಿಳಿದದ್ದಕ್ಕೆ ಹೋಲಿಸುವುದು. 'ಠ' ಎಂಬುದು ರೊಟ್ಟಿಯ ನಡುವೆ ಇಟ್ಟ ಬೆಣ್ಣೆಯ ಮುದ್ದೆಯಂತಿದೆ ಎಂದು ಹೇಳಿದರೆ ರೊಟ್ಟಿ ಬಡಿದ ಕೈ ಅದನ್ನು ಮರೆಯದು. ಸವಿಪರ್ಯಯವೆಂದರೆ ವ್ಯತ್ಯಾಸದಿಂದ ತಿಳಿಯುವುದು; ಪ, ವ, ಮ ಈ ಮೂರನ್ನೂ ಪಕ್ಕಪಕ್ಕದಲ್ಲಿ ಬರೆದು ಎಲ್ಲಿ ಬೇರೆಯಾಗುತ್ತವೆ ಎಂದು ತೋರಿಸಬೇಕು. ಸತ್ತ್ವಾನುಬಂಧವೆಂದರೆ ಮನಸ್ಸು ಅಲ್ಲಿಯೇ ನೆಲೆಸುವುದು. ಮನೆಯಲ್ಲಿ ಮೊಮ್ಮಗು ಎದ್ದಿತೇನೋ ಎಂಬ ಚಿಂತೆಯಲ್ಲಿ ಕುಳಿತವರಿಗೆ ಯಾವ ಪಾಠವೂ ಹತ್ತದು. ಆದ್ದರಿಂದ ಆ ಎರಡು ಗಂಟೆ ಹಿರಿಯರನ್ನು ಮನೆಗೆಲಸದಿಂದ ಬಿಡುಗಡೆ ಮಾಡುವ ಹೊಣೆ ಸೊಸೆ ಮಕ್ಕಳದು. ಜ್ಞಾನಯೋಗದ ಮಾತನ್ನು ನನಗಿಂತ ಬಲ್ಲವರಿಗೆ ಬಿಡುತ್ತೇನೆ. ಇನ್ನುಳಿದದ್ದು ಅಭ್ಯಾಸ ಮತ್ತು ಪುನಃಶ್ರುತ: ಮತ್ತೆ ಮತ್ತೆ ಮಾಡುವುದು, ಮತ್ತೆ ಮತ್ತೆ ಕೇಳುವುದು. ಹತ್ತು ಸಲ ಕೇಳಿದ್ದಕ್ಕೆ ಹನ್ನೊಂದನೆಯ ಸಲ ಉತ್ತರ ಹೇಳುವ ತಾಳ್ಮೆ ಇಲ್ಲದವರನ್ನು, ಎಷ್ಟೇ ವಿದ್ಯಾವಂತರಾಗಿದ್ದರೂ, ಈ ಕೂಟದಲ್ಲಿ ಕಲಿಸಲು ನಿಲ್ಲಿಸಬಾರದು.

ಮಂಡೂಕಪರ್ಣಿಯ ಸ್ವರಸ, ಹಾಲಿನೊಡನೆ ಯಷ್ಟಿಮಧುವಿನ ಚೂರ್ಣ, ಅಮೃತಬಳ್ಳಿಯ ಸ್ವರಸ, ಶಂಖಪುಷ್ಪಿಯ ಕಲ್ಕ ಈ ನಾಲ್ಕನ್ನೂ ಚರಕರು ಮೇಧ್ಯ ರಸಾಯನಗಳೆಂದು ಹೇಳಿದ್ದಾರೆ. 'ಯಾವುದನ್ನು ತೆಗೆದುಕೊಳ್ಳಲಿ' ಎಂದು ಓದುಗರು ಕೇಳುವುದು ಖಂಡಿತ. ಆದರೆ ಪುಸ್ತಕ ನೋಡಿ ತೆಗೆದುಕೊಳ್ಳಬೇಡಿರಿ. ಯಷ್ಟಿಮಧು ರಕ್ತದೊತ್ತಡವನ್ನು ಏರಿಸಬಲ್ಲದು, ಅಮೃತಬಳ್ಳಿ ಸಕ್ಕರೆ ಕಾಯಿಲೆಯ ಗುಳಿಗೆಗಳೊಡನೆ ಸೇರಿ ಸಕ್ಕರೆಯನ್ನು ಅತಿಯಾಗಿ ಇಳಿಸಬಹುದು. ಇನ್ನೊಂದು ಸಂಗತಿ. ನಮ್ಮಲ್ಲಿ ಹೆಚ್ಚಿನವರು ಸಸ್ಯಾಹಾರಿಗಳು. ಜೊತೆಗೆ ಅನೇಕರು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಗುಳಿಗೆ ನುಂಗುತ್ತಿರುವವರು. ಇವೆರಡೂ ವಿಟಮಿನ್ ಬಿ12ರ ಕೊರತೆಗೆ ದಾರಿಮಾಡುತ್ತವೆ. ಆ ಕೊರತೆಯಿಂದಲೂ ಥೈರಾಯಿಡ್ ಗ್ರಂಥಿಯ ಮಾಂದ್ಯದಿಂದಲೂ ಬರುವ ಮರೆವು ಮುಪ್ಪಿನ ಮರೆವಿನಂತೆಯೇ ಕಾಣುತ್ತದೆ. ಒಂದು ರಕ್ತಪರೀಕ್ಷೆಯಿಂದ ತಿಳಿಯುವುದನ್ನು ನನ್ನ ನಾಡಿಪರೀಕ್ಷೆಯಿಂದ ತಿಳಿಯಲು ಹೊರಟರೆ ರೋಗಿಗೆ ಅನ್ಯಾಯವಾಗುತ್ತದೆ. ನಿನ್ನೆಯವರೆಗೆ ಚೆನ್ನಾಗಿದ್ದವರು ಇಂದು ಏಕಾಏಕಿ ಗೊಂದಲದ ಮಾತಾಡತೊಡಗಿದರೆ ಅದು ಮರೆವಲ್ಲ. ಸೋಂಕೋ, ಲವಣಾಂಶದ ಏರುಪೇರೋ, ಪಾರ್ಶ್ವವಾಯುವಿನ ಮುನ್ಸೂಚನೆಯೋ ಆಗಿರಬಹುದು. ಅಂದೇ ಆಸ್ಪತ್ರೆಗೆ ಒಯ್ಯಬೇಕು.

ಕೌದಿ ಯಾರಿಗೆ, ಮೊಬೈಲು ಯಾರಿಗೆ?

ಚಟುವಟಿಕೆಗಳ ಹಂಚಿಕೆಯಲ್ಲಿ ನನ್ನದೊಂದು ತಕರಾರಿದೆ. ಹೆಂಗಸರಿಗೆ ಕೌದಿ, ಗಂಡಸರಿಗೆ ಮೊಬೈಲು ಎಂದು ಪಟ್ಟಿಯಲ್ಲಿ ತಾನಾಗಿಯೇ ವಿಭಾಗವಾಗಿಬಿಟ್ಟಿದೆ. ಅಮೆರಿಕದ ಡಲ್ಲಾಸ್ ನಗರದಲ್ಲಿ 60ರಿಂದ 90 ವರ್ಷದ ಹಿರಿಯರ ಮೇಲೆ ನಡೆದ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಕೆಲವರಿಗೆ ವಾರಕ್ಕೆ ಸುಮಾರು 15 ಗಂಟೆಗಳಂತೆ ಮೂರು ತಿಂಗಳು ಡಿಜಿಟಲ್ ಛಾಯಾಗ್ರಹಣ ಕಲಿಸಿದರು; ಕೆಲವರಿಗೆ ನಮ್ಮ ಕೌದಿಯಂಥದೇ ಕ್ವಿಲ್ಟ್ ಹೊಲಿಗೆ; ಕೆಲವರಿಗೆ ಎರಡೂ. ಇನ್ನು ಕೆಲವರು ಕೂಡಿ ಹರಟಿದರು, ಆಟವಾಡಿದರು, ಪ್ರವಾಸ ಹೋದರು, ಆದರೆ ಹೊಸದೇನನ್ನೂ ಕಲಿಯಲಿಲ್ಲ. ಕೊನೆಗೆ ಪರೀಕ್ಷಿಸಿದಾಗ ಹೊಸ ವಿದ್ಯೆಯನ್ನು ಕಷ್ಟಪಟ್ಟು ಕಲಿತವರ ನೆನಪಿನ ಶಕ್ತಿ ಸುಧಾರಿಸಿತ್ತು, ಅದರಲ್ಲಿಯೂ ಛಾಯಾಗ್ರಹಣ ಕಲಿತವರದು. ಬರಿಯ ಹರಟೆಯಿಂದ ಅಷ್ಟು ಪ್ರಯೋಜನ ಕಾಣಲಿಲ್ಲ. ಅಂದರೆ ಕೂಡುವುದು ಒಳ್ಳೆಯದು, ಆದರೆ ಕೂಡುವುದಷ್ಟೇ ಸಾಲದು. ಐವತ್ತು ವರ್ಷ ಕೌದಿ ಹೊಲಿದ ಕೈಗೆ ಮತ್ತೆ ಕೌದಿಯನ್ನೇ ಕೊಟ್ಟರೆ ಮಿದುಳಿಗೆ ಏನೂ ಶ್ರಮವಿಲ್ಲ. ಆ ತಾಯಂದಿರು ಕೌದಿಯ ಗುರುಗಳಾಗಲಿ, ಮೊಬೈಲಿನ ಶಿಷ್ಯರಾಗಲಿ. ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತರಾದವರು ಸೂಜಿಗೆ ದಾರ ಪೋಣಿಸಲಿ. ಮೊಬೈಲು ಕಲಿಸುವಾಗ ಹಣ ಕಳುಹಿಸುವುದರ ಜೊತೆಗೆ, 'ಪೊಲೀಸರು ಮಾತಾಡುತ್ತಿದ್ದೇವೆ, ನಿಮ್ಮನ್ನು ಡಿಜಿಟಲ್ ಬಂಧನದಲ್ಲಿ ಇರಿಸಿದ್ದೇವೆ' ಎಂದು ಹೆದರಿಸುವ ಕರೆಗಳನ್ನು ಕತ್ತರಿಸುವುದನ್ನೂ ಕಲಿಸಬೇಕು. ಅಂಥ ಬಂಧನವೆಂಬುದು ಕಾನೂನಿನಲ್ಲಿಯೇ ಇಲ್ಲ.

ಹಿರಿಯರ ಕಲಿಕೆಗೆ ಎರಡು ಮಾದರಿಗಳು ಜಗತ್ತಿನಲ್ಲಿ ಪ್ರಸಿದ್ಧವಾಗಿವೆ. ಫ್ರಾನ್ಸಿನ ತುಲೂಸ್ ನಗರದಲ್ಲಿ 1973ರಲ್ಲಿ ಪಿಯೇರ್ ವೆಲ್ಲಾಸ್ ಎಂಬ ಪ್ರಾಧ್ಯಾಪಕರು 'ಮೂರನೆಯ ವಯಸ್ಸಿನ ವಿಶ್ವವಿದ್ಯಾಲಯ'ವನ್ನು ಆರಂಭಿಸಿದರು. ಅಲ್ಲಿ ವಿಶ್ವವಿದ್ಯಾಲಯದ ಅಧ್ಯಾಪಕರೇ ಹಿರಿಯರಿಗೆ ಉಪನ್ಯಾಸ ಕೊಡುತ್ತಿದ್ದರು. 1980ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಬಂದಾಗ ಅದರ ಸ್ವರೂಪ ಬದಲಾಯಿತು. ಪೀಟರ್ ಲಾಸ್ಲೆಟ್ ಮೊದಲಾದವರು ಹೊರಗಿನ ಅಧ್ಯಾಪಕರೇ ಬೇಡವೆಂದರು: ಒಬ್ಬರಿಗೆ ಬಂದದ್ದನ್ನು ಇನ್ನೊಬ್ಬರಿಗೆ ಕಲಿಸುವುದು, ಪರೀಕ್ಷೆಯಿಲ್ಲ, ಪದವಿಯಿಲ್ಲ. ನಮ್ಮ ಕೂಟಕ್ಕೆ ಈ ಎರಡನೆಯದೇ ಹೊಂದುತ್ತದೆ ಎಂದು ನನ್ನ ಅಭಿಪ್ರಾಯ. ಉಪನ್ಯಾಸ ಕೇಳಲು ನಮ್ಮಲ್ಲಿ ಅವಕಾಶಗಳಿಗೆ ಕೊರತೆಯಿಲ್ಲ; ಬಾಯಿಬಿಟ್ಟು ಹೇಳಲು ಅವಕಾಶ ಕಡಿಮೆ.

ಅಷ್ಟು ದೂರ ಹೋಗುವುದೂ ಬೇಡ. ಮಹಾರಾಷ್ಟ್ರದ ಠಾಣೆ ಜಿಲ್ಲೆಯ ಫಾಂಗಣೆ ಎಂಬ ಹಳ್ಳಿಯಲ್ಲಿ 2016ರ ಮಹಿಳಾ ದಿನದಂದು ಯೋಗೇಂದ್ರ ಬಾಂಗರ್ ಎಂಬ ಶಾಲಾ ಶಿಕ್ಷಕರು ಅಜ್ಜಿಯರ ಶಾಲೆಯನ್ನು ತೆರೆದರು. ಪುರಾಣದ ಪುಸ್ತಕವನ್ನು ತಾವೇ ಓದಬೇಕೆಂಬ ಆಸೆಯನ್ನು ಅಲ್ಲಿನ ಹೆಂಗಸರು ತೋಡಿಕೊಂಡದ್ದೇ ಅದಕ್ಕೆ ಕಾರಣ. 60ರಿಂದ 90ರ ಅಜ್ಜಿಯರು ಗುಲಾಬಿ ಬಣ್ಣದ ಸೀರೆಯ ಸಮವಸ್ತ್ರದಲ್ಲಿ, ಹೆಗಲಿಗೆ ಚೀಲ ಹಾಕಿಕೊಂಡು ಬರುತ್ತಿದ್ದರು. ಶಾಲೆಯ ವೇಳೆ ಮಧ್ಯಾಹ್ನ 2ರಿಂದ 4. ಮನೆಗೆಲಸ ಮುಗಿದ ಮೇಲೆ. ಕೇರಳದ ಆಲಪ್ಪುಳ ಜಿಲ್ಲೆಯ ಕಾರ್ತ್ಯಾಯನಿ ಅಮ್ಮ 96ನೆಯ ವಯಸ್ಸಿನಲ್ಲಿ, 2018ರಲ್ಲಿ, ರಾಜ್ಯದ ಸಾಕ್ಷರತಾ ಪರೀಕ್ಷೆಯಲ್ಲಿ 100ಕ್ಕೆ 98 ಅಂಕ ಪಡೆದು ಮೊದಲಿಗರಾದರು. 2020ರಲ್ಲಿ ನಾರೀಶಕ್ತಿ ಪುರಸ್ಕಾರವನ್ನೂ ಸ್ವೀಕರಿಸಿದರು. ನಮ್ಮ ಕೂಟದ ವೇಳೆಯನ್ನು ಬೆಳಿಗ್ಗೆ 8 ಗಂಟೆಗೆ ಇಟ್ಟಿದ್ದಾರೆ. ಆ ಹೊತ್ತಿಗೆ ಬರಬಲ್ಲವರು ನಿವೃತ್ತ ಗಂಡಸರು ಮಾತ್ರ. ಪಟ್ಟಿಯಲ್ಲಿ ತಾಯಂದಿರ ಹೆಸರು ಇಲ್ಲದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. 11ರಿಂದ 1ರವರೆಗೆ ಇಡಬೇಕೆಂದು ನಾನು ಕೇಳಿಕೊಂಡಿದ್ದೇನೆ. ಉಪಾಹಾರ ಜೀರ್ಣವಾಗಿರುತ್ತದೆ, ಬೆಳಗಿನ ಗುಳಿಗೆಗಳು ಮುಗಿದಿರುತ್ತವೆ, ಸಂಧಿಗಳ ಬಿಗಿತ ಸಡಿಲಿರುತ್ತದೆ, ಬೆಳಕೂ ಚೆನ್ನಾಗಿರುತ್ತದೆ.

ಕೂಟದ ಆರಂಭದಲ್ಲಿ ಅರ್ಧ ಗಂಟೆ ನಡಿಗೆಯನ್ನು ಸೇರಿಸಬೇಕೆಂಬುದು ನನ್ನ ಇನ್ನೊಂದು ಸೂಚನೆ. 'ವೃದ್ಧರು ವ್ಯಾಯಾಮವನ್ನು ಬಿಡಬೇಕೆಂದು ವಾಗ್ಭಟರೇ ಹೇಳಿದ್ದಾರಲ್ಲ' ಎಂದು ಓರ್ವ ಹಿರಿಯರು ನನ್ನನ್ನು ಪ್ರಶ್ನಿಸಿದರು. ನಿಜ, ಹೇಳಿದ್ದಾರೆ. ಅಲ್ಲಿ ವ್ಯಾಯಾಮವೆಂದರೆ ಬೆವರಿಳಿಸುವ ಗರಡಿಯ ಶ್ರಮ. ದೇಹಕ್ಕೆ ಅತಿಯಾದ ಪೀಡೆ ಕೊಡದ ನಡಿಗೆಯನ್ನು ಚಂಕ್ರಮಣವೆಂದು ಸುಶ್ರುತರು ಬೇರೆಯಾಗಿಯೇ ಹೇಳಿ, ಅದು ಆಯುಷ್ಯ, ಬಲ, ಮೇಧಾ, ಅಗ್ನಿಗಳನ್ನು ಕೊಟ್ಟು ಇಂದ್ರಿಯಗಳನ್ನು ಎಚ್ಚರಿಸುತ್ತದೆ ಎಂದಿದ್ದಾರೆ. 2011ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ 120 ಮಂದಿ ಹಿರಿಯರಲ್ಲಿ ಅರ್ಧದಷ್ಟು ಜನ ವಾರಕ್ಕೆ ಮೂರು ದಿನ 40 ನಿಮಿಷ ನಡೆಯುತ್ತ ಒಂದು ವರ್ಷ ಕಳೆದಾಗ, ನೆನಪಿಗೆ ಆಧಾರವಾದ ಮಿದುಳಿನ ಹಿಪೊಕ್ಯಾಂಪಸ್ ಭಾಗವು ಶೇಕಡಾ 2ರಷ್ಟು ಹಿಗ್ಗಿತ್ತು. ನಡಿಗೆಯಿಂದ ಮೇಧಾ ಎಂದ ಸುಶ್ರುತರ ಮಾತನ್ನು ಓದಿ ಮುಗುಳ್ನಕ್ಕವರು ಇದನ್ನು ಗಮನಿಸಬೇಕು.

ಭವನದ ವ್ಯವಸ್ಥೆಯ ಬಗ್ಗೆ ಕೆಲವು ಮಾತುಗಳು. ಮೈಕು ಬೇಡ. ಎತ್ತರದ ಛಾವಣಿಯ ಭವನದಲ್ಲಿ ಮೈಕಿನ ಧ್ವನಿ ಪ್ರತಿಧ್ವನಿಸಿ, ಕಿವಿ ಮಂದವಾದವರಿಗೆ ಬರಿಯ ಗದ್ದಲವಾಗುತ್ತದೆ. ಹನ್ನೆರಡು ಜನರ ಗುಂಪು ಮಾಡಿ, ವೃತ್ತಾಕಾರವಾಗಿ ಕುಳ್ಳಿರಿಸಿ, ಮುಖಕ್ಕೆ ಮುಖ ಕೊಟ್ಟು ನಿಧಾನವಾಗಿ ಮಾತಾಡಬೇಕು. ಕೂಗಬಾರದು, ಮುಪ್ಪಿನಲ್ಲಿ ಮೊದಲು ಕುಂದುವುದು ತಾರಸ್ವರಗಳನ್ನು ಕೇಳುವ ಶಕ್ತಿ, ಕೂಗಿದರೆ ಧ್ವನಿ ಇನ್ನಷ್ಟು ತಾರಕಕ್ಕೇರುತ್ತದೆ. ಜಮಖಾನೆಯ ಬದಲು ಕೈಹಿಡಿಕೆಯಿರುವ ಕುರ್ಚಿಗಳಿರಲಿ. ನೆಲದಿಂದ ಏಳುವಾಗ ರಕ್ತದೊತ್ತಡ ಇಳಿದು ತಲೆಸುತ್ತಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಎಷ್ಟು ಜನರನ್ನು ನಾನು ನೋಡಿಲ್ಲ! ಶೌಚಾಲಯ ಸಮೀಪದಲ್ಲಿರಬೇಕು, ಹಿಡಿದುಕೊಳ್ಳಲು ಗೋಡೆಗೆ ಸರಳಿರಬೇಕು. ಅದಿಲ್ಲವೆಂದೇ ಅನೇಕ ತಾಯಂದಿರು ಹೊರಗೆ ಹೋಗುವ ದಿನ ಬೆಳಗಿನಿಂದ ನೀರು ಕುಡಿಯುವುದಿಲ್ಲ. ಅದರಿಂದಲೇ ಮೂತ್ರದ ಸೋಂಕು, ಆಯಾಸ, ಗೊಂದಲ.

ಕಳೆದ ವಾರ ಆ ತಾಯಿ ಸೊಸೆಯೊಡನೆ ಬಂದಿದ್ದರು. ಅವರಿಗೆ ಈಗ 83. ಕಿವಿಯ ಯಂತ್ರ ಎರಡು ಸಲ ಬದಲಾಗಿದೆ. ಕೂಟದ ಸುದ್ದಿ ತಿಳಿಸಿ, ಹೆಸರು ಬರೆಸಲೇ ಎಂದು ಕೇಳಿದೆ. "ಬರತೀನ್ರಿ. ಆದ್ರ ನಾ ಮಾತಾಡೂ ಮುಂದ ಈಕಿ ನಡಕ ಉತ್ತರ ಕೊಡಬಾರದು" ಎಂದು ಸೊಸೆಯ ಕಡೆಗೆ ಬೆರಳು ಮಾಡಿದರು. ಸೊಸೆ ನಕ್ಕರು, ನಾನು ನಗಲಿಲ್ಲ.

ಭಕ್ತಬಂಧುಗಳು ತಮ್ಮ ಮನೆಯ ಹಿರಿಯರ ಹೆಸರನ್ನು ಅವರನ್ನೇ ಕೇಳಿ ಬರೆಸಿರಿ. ಮೊದಲ ದಿನಕ್ಕಿಂತ ಮುಂಚೆ ಕಿವಿ ಮತ್ತು ಕಣ್ಣುಗಳನ್ನು ಒಮ್ಮೆ ಪರೀಕ್ಷೆ ಮಾಡಿಸಿ ಕರೆತನ್ನಿರಿ. ಕನ್ನಡಕ, ಯಂತ್ರದ ಹೆಚ್ಚಿನ ಬ್ಯಾಟರಿ, ನೀರಿನ ಬಾಟಲಿ, ತೆಗೆದುಕೊಳ್ಳುವ ಗುಳಿಗೆಗಳ ಪಟ್ಟಿ ಇವಿಷ್ಟು ಚೀಲದಲ್ಲಿರಲಿ. ಸಕ್ಕರೆ ಕಾಯಿಲೆಯವರ ಚೀಲದಲ್ಲಿ ಒಂದು ತುಂಡು ಬೆಲ್ಲವೂ ಇರಲಿ. ನಡೆಯಲಾಗದವರನ್ನು ಕರೆತರಲು ಆಟೋ ಇರುವ ಇಬ್ಬರು ಯುವಕರು ಒಪ್ಪಿದ್ದಾರೆ. ಯಾವ ಓಣಿಯಿಂದ ಎಷ್ಟು ಜನ ಎಂಬುದನ್ನು ಭವನದ ಕಚೇರಿಯಲ್ಲಿ ಮುಂಚಿತವಾಗಿ ತಿಳಿಸಿದರೆ ಅವರಿಗೆ ಅನುಕೂಲ.